ಫುಲ್ ಡ್ಯೂಪ್ಲೆಕ್ಸ್: ತನ್ನ ಸದ್ದು ಅಳಿಸಲು ಕಲಿತ ಟವರ್‌ಗೆ ಈಗ ಪಕ್ಕದ ಟವರ್‌ನ ಕಾಟ

2022ರ ಆಗಸ್ಟ್‌ನಲ್ಲಿ ಮುಗಿದ 5ಜಿ ಹರಾಜಿನಲ್ಲಿ 3300 ಮೆಗಾಹರ್ಟ್ಸ್ ಬ್ಯಾಂಡ್‌ನ ಬೆಲೆ, ದೇಶಪೂರ್ತಿ ಲೆಕ್ಕ ಹಾಕಿದರೆ, ಒಂದು ಮೆಗಾಹರ್ಟ್ಸ್‌ಗೆ 317 ಕೋಟಿ ರೂಪಾಯಿ. ಜಿಯೊ 100 ಮೆಗಾಹರ್ಟ್ಸ್ ಕೊಂಡಿತು. ಏರ್‌ಟೆಲ್ ಕೂಡ ಅಷ್ಟೇ ಕೊಂಡಿತು. ಅಂದರೆ ಇದೊಂದೇ ಬ್ಯಾಂಡ್‌ಗೆ ತಲಾ 31,700 ಕೋಟಿ, ಅದೂ 20 ವರ್ಷದ ಮಟ್ಟಿಗೆ. ಇಷ್ಟು ದುಡ್ಡು ಸುರಿದು ತಂದ ಸ್ಪೆಕ್ಟ್ರಮ್‌ನಲ್ಲಿ ನಿಮ್ಮ ಫೋನ್ ಟವರ್‌ಗೆ ಏನಾದರೂ ಕಳಿಸಬೇಕು ಅಂದರೆ ಸಿಗುವ ಸಮಯ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಉಳಿದ ಹೊತ್ತೆಲ್ಲ ಟವರ್ ಕಳಿಸುತ್ತಿರುತ್ತದೆ, ಫೋನ್ ಬಾಯಿ ಮುಚ್ಚಿಕೊಂಡು ಸರದಿ ಕಾಯುತ್ತದೆ.

ಈ ಬ್ಯಾಂಡ್‌ನಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಚಾನೆಲ್. ಸಮಯವನ್ನು ಅರ್ಧ ಮಿಲಿಸೆಕೆಂಡ್‌ನ ತುಂಡುಗಳಾಗಿ ಕತ್ತರಿಸಿ ಹಂಚುತ್ತಾರೆ. ಜಾಸ್ತಿ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಮೂರು ತುಂಡು (ಸ್ಲಾಟ್) ಡೌನ್‌ಲಿಂಕ್, ಅಂದರೆ ಟವರ್‌ನಿಂದ ಫೋನ್‌ಗೆ; ನಾಲ್ಕನೆಯದು ದಿಕ್ಕು ಬದಲಿಸುವುದಕ್ಕೆ; ಐದನೆಯದು ಅಪ್‌ಲಿಂಕ್, ಅಂದರೆ ಫೋನ್‌ನಿಂದ ಟವರ್‌ಗೆ. ಎರಡೂವರೆ ಮಿಲಿಸೆಕೆಂಡ್‌ಗೊಮ್ಮೆ ಇದೇ ಸುತ್ತು. ಇದಕ್ಕೆ ಟಿಡಿಡಿ ಅನ್ನುತ್ತಾರೆ. 2ಜಿ ಕಾಲದಿಂದ ಬಂದ 900 ಬ್ಯಾಂಡ್‌ನಲ್ಲಿ ಏರ್ಪಾಡು ಬೇರೆ: 890ರಿಂದ 915 ಮೆಗಾಹರ್ಟ್ಸ್‌ವರೆಗೆ ಫೋನ್ ಕಳಿಸುವುದಕ್ಕೆ, 935ರಿಂದ 960ರವರೆಗೆ ಟವರ್ ಕಳಿಸುವುದಕ್ಕೆ. ಇದು ಎಫ್‌ಡಿಡಿ. ಒಂದರಲ್ಲಿ ಸಮಯ ಪಾಲಾಗುತ್ತದೆ, ಇನ್ನೊಂದರಲ್ಲಿ ಫ್ರೀಕ್ವೆನ್ಸಿ ಪಾಲಾಗುತ್ತದೆ.

ಪಾಲೇ ಮಾಡದೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಕ್ಷಣದಲ್ಲಿ ಕಳಿಸುತ್ತಾ ಕೇಳಿಸಿಕೊಳ್ಳುತ್ತಾ ಇದ್ದರೆ? ಅದೇ ಫುಲ್ ಡ್ಯೂಪ್ಲೆಕ್ಸ್. ಸಾಮರ್ಥ್ಯ ದುಪ್ಪಟ್ಟಾಗುತ್ತದೆ ಅನ್ನುವ ಮಾತು ಇದರ ಜೊತೆಗೇ ಅಂಟಿಕೊಂಡು ಬಂದಿದೆ. 6ಜಿ ಚರ್ಚೆ ಶುರುವಾದ ಮೇಲಂತೂ ಆ ಮಾತು ಹೊತ್ತ ಸ್ಲೈಡ್ ಮತ್ತೆ ಎಲ್ಲ ಕಡೆ ಕಾಣುತ್ತಿದೆ. ನನ್ನ ಪ್ರಕಾರ ಆ ದುಪ್ಪಟ್ಟನ್ನು ಮರೆತುಬಿಡುವುದೇ ವಾಸಿ. ಇದರಿಂದ ಸಿಗುವ ಲಾಭ ಬೇರೆ ಕಡೆ ಇದೆ. ಇದನ್ನು ತಡೆದು ನಿಲ್ಲಿಸಿರುವ ಅಡ್ಡಿಯೂ ಬಹಳ ಜನ ಅಂದುಕೊಂಡ ಜಾಗದಲ್ಲಿ ಇಲ್ಲ.

ತಂತಿಯ ಮೇಲೆ ಇದು ಹಳೆಯ ವಿದ್ಯೆ. ಮನೆಯ ಲ್ಯಾಂಡ್‌ಲೈನ್‌ಗೆ ಬರುತ್ತಿದ್ದದ್ದು ಎರಡೇ ಎಳೆ ತಾಮ್ರ. ಆದರೂ ಇಬ್ಬರೂ ಒಟ್ಟಿಗೇ ಮಾತಾಡಬಹುದಿತ್ತು, ಜಗಳ ಬಂದಾಗ ಆಡುತ್ತಲೂ ಇದ್ದರು. ಫೋನಿನೊಳಗಿನ ಒಂದು ಸರ್ಕ್ಯೂಟ್ ಹೋಗುವ ದನಿಯನ್ನೂ ಬರುವ ದನಿಯನ್ನೂ ಬೇರೆ ಮಾಡುತ್ತಿತ್ತು. ಆದರೆ ಪೂರ್ತಿ ಬೇರೆಯಾಗುತ್ತಿರಲಿಲ್ಲ, ಸ್ವಲ್ಪ ಸೋರುತ್ತಿತ್ತು. ಊರೊಳಗಿನ ಕರೆಗೆ ಅದರಿಂದ ತೊಂದರೆ ಇಲ್ಲ. ಉಪಗ್ರಹದ ಮೂಲಕ ಹೋಗುವ ಐಎಸ್‌ಡಿ ಕರೆಯಲ್ಲಿ ಮಾತ್ರ, ನಾವು ಆಡಿದ ಮಾತೇ ಅರ್ಧ ಸೆಕೆಂಡ್ ಬಿಟ್ಟು ನಮ್ಮ ಕಿವಿಗೇ ವಾಪಸ್ ಬರುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮನಮೋಹನ್ ಸೋಂಧಿ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1953ರಲ್ಲಿ ಡಿಪ್ಲೊಮಾ ಮುಗಿಸಿ, ಅಮೆರಿಕಕ್ಕೆ ಹೋಗಿ, ಬೆಲ್ ಲ್ಯಾಬ್ಸ್ ಸೇರಿದವರು. ತಾನಾಗೇ ಹೊಂದಿಕೊಳ್ಳುವ ಎಕೋ ಕ್ಯಾನ್ಸಲರ್ ಬಗ್ಗೆ ಅವರ ಲೇಖನ ಬಂದದ್ದು 1967ರಲ್ಲಿ. ತರ್ಕ ಸರಳ. ನಾನು ಏನು ಕಳಿಸಿದೆ ಅನ್ನುವುದು ನನಗೆ ಗೊತ್ತು. ಅದು ಹೇಗೆ ರೂಪ ಬದಲಿಸಿ ಹಿಂದಕ್ಕೆ ಬರುತ್ತಿದೆ ಅನ್ನುವುದನ್ನು ಕ್ಷಣಕ್ಷಣವೂ ಕಲಿಯುತ್ತಾ ಹೋದರೆ, ಬಂದದ್ದರಿಂದ ಅದನ್ನು ಕಳೆಯಬಹುದು. ಕಳೆದ ಮೇಲೆ ಉಳಿಯುವುದು ಆ ಕಡೆಯವರ ಮಾತು. ಇವತ್ತು ರೂಟರ್‌ಗೆ ಚುಚ್ಚುವ ಗಿಗಾಬಿಟ್ ಈಥರ್ನೆಟ್ ಕೇಬಲ್ ತನ್ನ ನಾಲ್ಕೂ ಜೋಡಿ ತಂತಿಗಳಲ್ಲಿ ಎರಡೂ ದಿಕ್ಕಿಗೆ ಒಟ್ಟಿಗೇ ಕೆಲಸ ಮಾಡುವುದು ಇದೇ ಕಳೆಯುವ ಲೆಕ್ಕದ ಮೇಲೆ.

ಹಾಗಿದ್ದರೆ ಗಾಳಿಯಲ್ಲಿ ಮಾತ್ರ ಯಾಕೆ ಇಷ್ಟು ತಡ?

10,000 ಕೋಟಿಯಲ್ಲಿ ಒಂದು ಪಾಲು

ಕಳಿಸುವ ಶಕ್ತಿಗೂ ಕೇಳಿಸಿಕೊಳ್ಳುವ ಶಕ್ತಿಗೂ ಇರುವ ಅಂತರವೇ ಇಲ್ಲಿ ಎಲ್ಲ. ಒಂದು ಸಾಮಾನ್ಯ ವೈಫೈ ಡಬ್ಬಿ ಸುಮಾರು 100 ಮಿಲಿವಾಟ್‌ನಲ್ಲಿ ಕಳಿಸುತ್ತದೆ. ಅದು ಕೇಳಿಸಿಕೊಳ್ಳಬೇಕಾದ ಸಿಗ್ನಲ್ ಹಿನ್ನೆಲೆ ಗದ್ದಲದ ಅಂಚಿನಲ್ಲಿ ಇರುತ್ತದೆ. ಎರಡರ ನಡುವೆ ಸುಮಾರು 110 ಡೆಸಿಬೆಲ್. ಪ್ರತಿ 10 ಡೆಸಿಬೆಲ್‌ಗೂ ಹತ್ತು ಪಟ್ಟು. ಅಂದರೆ ತನ್ನದೇ ಸಿಗ್ನಲ್ಲನ್ನು 10,000 ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೆ ಮಾತ್ರ ಎದುರಿನವರದ್ದು ಸರಿಯಾಗಿ ಕೇಳುತ್ತದೆ.

ಬಂದದ್ದನ್ನೆಲ್ಲ ಡಿಜಿಟಲ್ ಮಾಡಿಕೊಂಡು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಕಳೆದರೆ ಆಗಲ್ವಾ ಅಂತ ಕೇಳಬಹುದು. ಆಗುವುದಿಲ್ಲ. 12 ಬಿಟ್‌ನ ಒಂದು ಪರಿವರ್ತಕ ಒಳ್ಳೆಯ ದಿನದಲ್ಲೂ 74 ಡೆಸಿಬೆಲ್ ಅಂತರವನ್ನಷ್ಟೇ ಹಿಡಿಯಬಲ್ಲದು. ಅದಕ್ಕಿಂತ ಕೆಳಗಿರುವ ಸಣ್ಣ ಸಿಗ್ನಲ್ ಅಂಕಿಗಳಾಗುವ ಮೊದಲೇ ಕಳೆದುಹೋಗಿರುತ್ತದೆ. ಇನ್ನೊಂದು ತಕರಾರೂ ಇದೆ. ‘ನಾನು ಕಳಿಸಿದ್ದು ನನಗೆ ಗೊತ್ತು’ ಅನ್ನುವುದು ಪೂರ್ತಿ ನಿಜವಲ್ಲ. ಆಂಪ್ಲಿಫೈಯರ್ ಒಳಗೆ ಹೋದ ಸಿಗ್ನಲ್ ಹೊರಗೆ ಬರುವಾಗ ಸೊಟ್ಟಗಾಗಿರುತ್ತದೆ, ಜೊತೆಗೆ ಒಂದಿಷ್ಟು ಗದ್ದಲವನ್ನೂ ಹೊತ್ತು ತಂದಿರುತ್ತದೆ. ಆ ಸೊಟ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೀಗಾಗಿ ಕೆಲಸವನ್ನು ಮೂರು ಕಡೆ ಹಂಚುತ್ತಾರೆ. ಮೊದಲು ಆಂಟೆನಾ ಹತ್ತಿರವೇ ಆದಷ್ಟು ತಡೆಯುವುದು, ಆಮೇಲೆ ಅನಲಾಗ್ ಸರ್ಕ್ಯೂಟ್‌ನಲ್ಲಿ ಕಳೆಯುವುದು, ಉಳಿದದ್ದನ್ನು ಡಿಜಿಟಲ್‌ನಲ್ಲಿ.

2010ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗುಂಪೊಂದು ಮಾಡಿ ತೋರಿಸಿದ್ದು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಕಳಿಸುವ ಆಂಟೆನಾ ಎರಡು, ಕೇಳುವ ಆಂಟೆನಾ ಒಂದು. ಕೇಳುವ ಆಂಟೆನಾದಿಂದ ಎರಡನೆಯದು ಮೊದಲನೆಯದಕ್ಕಿಂತ ಸರಿಯಾಗಿ ಅರ್ಧ ತರಂಗದಷ್ಟು ದೂರ. 2.4 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 6 ಸೆಂಟಿಮೀಟರ್. ಒಂದರ ಏರು ಬಂದಾಗ ಇನ್ನೊಂದರ ಇಳಿವು ಬರುತ್ತದೆ. ಕೇಳುವ ಆಂಟೆನಾ ಇರುವ ಜಾಗದಲ್ಲಿ ಎರಡೂ ಸೇರಿ ಸೊನ್ನೆಯ ಹತ್ತಿರ ಬರುತ್ತವೆ. ಆದರೆ ಆಂಟೆನಾ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಲೆಕ್ಕ ತಪ್ಪುತ್ತದೆ. ಚಾನೆಲ್ ಅಗಲವಾದರೆ ನಡು ಫ್ರೀಕ್ವೆನ್ಸಿಗೆ ಸರಿಹೋದದ್ದು ಅಂಚಿಗೆ ಸರಿಹೋಗುವುದಿಲ್ಲ. ಅದಕ್ಕಿಂತ ಚುರುಕಾದ ಆಕ್ಷೇಪ ಇನ್ನೊಂದಿತ್ತು: ಮೂರು ಆಂಟೆನಾ ಇದ್ದ ಮೇಲೆ ಮೈಮೋ (ಹಲವು ಆಂಟೆನಾಗಳಿಂದ ಒಟ್ಟಿಗೇ ಬೇರೆ ಬೇರೆ ಮಾಹಿತಿ ಕಳಿಸುವ ವಿಧಾನ) ಹಾಕಿದರೆ ದುಪ್ಪಟ್ಟಿಗಿಂತ ಜಾಸ್ತಿಯೇ ಸಿಗುತ್ತದಲ್ಲ, ಈ ಸರ್ಕಸ್ ಯಾಕೆ?

ಅದಕ್ಕೆ ಉತ್ತರ 2013ರಲ್ಲಿ ಅದೇ ಸ್ಟ್ಯಾನ್‌ಫರ್ಡ್‌ನಿಂದ ಬಂತು. ದಿನೇಶ್ ಭರಾಡಿಯಾ, ಎಮಿಲಿ ಮ್ಯಾಕ್‌ಮಿಲಿನ್ ಮತ್ತು ಸಚಿನ್ ಕಟ್ಟಿ ಒಂದೇ ಆಂಟೆನಾದಲ್ಲಿ ಎರಡೂ ಕೆಲಸ ಮಾಡಿಸಿದರು. 80 ಮೆಗಾಹರ್ಟ್ಸ್ ಅಗಲದ ವೈಫೈ ಚಾನೆಲ್‌ನಲ್ಲಿ 110 ಡೆಸಿಬೆಲ್ ಕಳೆದು ತೋರಿಸಿದರು. ವೇಗ ಹೆಚ್ಚಿದ್ದು 1.87 ಪಟ್ಟು. ಬೇರೆ ಬೇರೆ ಉದ್ದದ ದಾರಿಗಳಲ್ಲಿ ಸಿಗ್ನಲ್‌ನ ಪ್ರತಿಗಳನ್ನು ಓಡಿಸಿ, ಒಂದೊಂದನ್ನೂ ಬೇಕಾದಷ್ಟು ಕುಗ್ಗಿಸಿ, ಕೂಡಿಸಿ, ಬಂದದ್ದರಿಂದ ಕಳೆಯುವ ಒಂದು ಬೋರ್ಡ್ ಅದರ ಜೀವಾಳ. ಆಗುವುದೇ ಇಲ್ಲ ಅಂತಿದ್ದ ಕೆಲಸ ಲ್ಯಾಬ್‌ನಲ್ಲಿ ಆಯಿತು.

ವೈಫೈ ಡಬ್ಬಿಯಿಂದ ಮೊಬೈಲ್ ಟವರ್‌ಗೆ ಬಂದರೆ ಅಂಕಿಗಳು ಹೆದರಿಸುತ್ತವೆ. ಟವರ್ 100 ವಾಟ್ ಕಳಿಸುತ್ತದೆ ಅಂತ ಇಟ್ಟುಕೊಳ್ಳಿ. ದೊಡ್ಡ 5ಜಿ ಆಂಟೆನಾಗಳು ಅದಕ್ಕೂ ಜಾಸ್ತಿ ಕಳಿಸುತ್ತವೆ. 20 ಮೆಗಾಹರ್ಟ್ಸ್ ಅಗಲದಲ್ಲಿ ಕೇಳುವ ರಿಸೀವರ್‌ನ ಗದ್ದಲದ ಮಟ್ಟಕ್ಕೂ ಆ 100 ವಾಟ್‌ಗೂ ಅಂತರ ಸುಮಾರು 146 ಡೆಸಿಬೆಲ್. ವೈಫೈಗಿಂತ 36 ಡೆಸಿಬೆಲ್ ಹೆಚ್ಚು, ಅಂದರೆ ಸುಮಾರು 4,000 ಪಟ್ಟು ಕಷ್ಟ. ಮೇಲಾಗಿ 5ಜಿ ಆಂಟೆನಾ ಅಂದರೆ ಒಂದು ಕಡ್ಡಿ ಅಲ್ಲ; 64 ಕಳಿಸುವ ದಾರಿ, 64 ಕೇಳುವ ದಾರಿ ಇರುವ ಫಲಕ. ಕಳಿಸುವ ಪ್ರತಿಯೊಂದೂ ಕೇಳುವ ಪ್ರತಿಯೊಂದಕ್ಕೂ ಸೋರುತ್ತದೆ. 64 ಗುಣಿಸು 64 ಅಂದರೆ 4,096 ಸೋರಿಕೆ. ಒಂದೊಂದಕ್ಕೂ ಕಳೆಯುವ ಬೋರ್ಡ್ ಇಡಲು ಹೊರಟರೆ ಟವರ್ ನಿಲ್ಲುವುದು ಕಷ್ಟ.

ದುಪ್ಪಟ್ಟಿನ ಲೆಕ್ಕ ಒಮ್ಮೆ ಮಾಡಿನೋಡಿ

ಇಷ್ಟೆಲ್ಲ ಕಷ್ಟಪಟ್ಟು ಗೆದ್ದೆವು ಅಂತಲೇ ಇಟ್ಟುಕೊಳ್ಳೋಣ. ಸಿಗುವುದು ಎಷ್ಟು?

ನಮ್ಮ ಮೊಬೈಲ್ ಬಳಕೆಯಲ್ಲಿ ಇಳಿಸಿಕೊಳ್ಳುವುದೇ ಜಾಸ್ತಿ, ಏರಿಸುವುದು ಕಡಿಮೆ. ರೀಲ್ಸ್, ಕ್ರಿಕೆಟ್, ಧಾರಾವಾಹಿ, ಎಲ್ಲವೂ ಇಳಿಮುಖ. ಉದಾಹರಣೆಗೆ ಇಳಿಯುವುದು ಒಂಬತ್ತು ಪಾಲು, ಏರುವುದು ಒಂದು ಪಾಲು ಅನ್ನಿ. ಸರದಿಯ ಪ್ರಕಾರ ಮಾಡಿದರೆ ಒಟ್ಟು ಹತ್ತು ಪಾಲು ಸಮಯ ಬೇಕು. ಎರಡನ್ನೂ ಒಟ್ಟಿಗೇ ಮಾಡಿದರೂ ಒಂಬತ್ತು ಪಾಲು ಇಳಿಸುವುದಕ್ಕೆ ಒಂಬತ್ತು ಪಾಲು ಸಮಯ ಬೇಕೇ ಬೇಕು. ಹತ್ತರ ಬದಲು ಒಂಬತ್ತು. ಲಾಭ ಶೇ 11. ಎರಡೂ ದಿಕ್ಕಿನ ಸಂಚಾರ ಸರಿಸಮ ಇದ್ದಾಗ ಮಾತ್ರ ದುಪ್ಪಟ್ಟು ಅನ್ನುವುದು ಬರುತ್ತದೆ, ಮೊಬೈಲ್ ಜಾಲದಲ್ಲಿ ಅದು ಸರಿಸಮ ಇರುವುದಿಲ್ಲ. ಸ್ಲೈಡ್ ತೋರಿಸುವವರು ಈ ಭಾಗಾಕಾರ ಮಾಡಿ ತೋರಿಸುವುದನ್ನು ನಾನಂತೂ ನೋಡಿಲ್ಲ.

ಆದರೆ ಒಟ್ಟು ಸಾಮರ್ಥ್ಯ ಬಿಟ್ಟು ಫೋನಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಫೋನ್ ಕಳಿಸಬಹುದಾದ ಶಕ್ತಿ ಸಾಮಾನ್ಯವಾಗಿ 200 ಮಿಲಿವಾಟ್. ಬ್ಯಾಟರಿ ಇದೆ, ಕಿವಿಯ ಪಕ್ಕ ಇಟ್ಟುಕೊಳ್ಳುವ ವಸ್ತು ಅನ್ನುವ ಮಿತಿ ಇದೆ, ಇದನ್ನು ಸುಮ್ನೆ ಏರಿಸಲು ಆಗುವುದಿಲ್ಲ. ಟವರ್‌ನ 100 ವಾಟ್ ಊರ ಹೊರಗಿನ ಮನೆವರೆಗೂ ಬರುತ್ತದೆ, ಆ ಮನೆಯಿಂದ ಫೋನಿನ 200 ಮಿಲಿವಾಟ್ ವಾಪಸ್ ಹೋಗಿ ತಲುಪುವುದಿಲ್ಲ. ಮೇಲೆ 5ಜಿ ಗುರುತು ಕಾಣುತ್ತಿರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಆ ಸಣ್ಣ ಶಕ್ತಿಯನ್ನೂ ಐದರಲ್ಲಿ ಒಂದು ಸ್ಲಾಟ್‌ನಲ್ಲಿ ಮಾತ್ರ ಬಳಸು ಅಂದರೆ ನಷ್ಟ ಐದು ಪಟ್ಟು, ಅಂದರೆ 7 ಡೆಸಿಬೆಲ್. ಜೊತೆಗೆ ಕಾಯುವಿಕೆ. ಅಪ್‌ಲಿಂಕ್ ಸ್ಲಾಟ್ ಈಗಷ್ಟೇ ದಾಟಿಹೋಗಿದ್ದರೆ ಮುಂದಿನದಕ್ಕೆ ಎರಡು ಮಿಲಿಸೆಕೆಂಡ್ ಕಾಯಬೇಕು. ನಮಗೆ ಅದು ಗೊತ್ತೇ ಆಗುವುದಿಲ್ಲ. ಕಾರ್ಖಾನೆಯ ರೋಬಾಟ್‌ಗೆ ಗೊತ್ತಾಗುತ್ತದೆ.

ಫುಲ್ ಡ್ಯೂಪ್ಲೆಕ್ಸ್‌ನ ಬೆಲೆ ಇರುವುದು ಇಲ್ಲಿ. ಅಪ್‌ಲಿಂಕ್ ಯಾವಾಗಲೂ ತೆರೆದಿರುತ್ತದೆ.

ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿ ಸಂಸ್ಥೆ ಹಿಡಿದ ದಾರಿಯೂ ಅದೇ. ಪೂರ್ತಿ ಫುಲ್ ಡ್ಯೂಪ್ಲೆಕ್ಸ್ ಬೇಡ, ಅರ್ಧ ಹೆಜ್ಜೆ ಸಾಕು ಅಂದಿತು. ಅದರ ಹೆಸರು ಸಬ್‌ಬ್ಯಾಂಡ್ ಫುಲ್ ಡ್ಯೂಪ್ಲೆಕ್ಸ್. ಸ್ಯಾಮ್‌ಸಂಗ್ ಇಂಥದ್ದನ್ನೇ ಎಕ್ಸ್‌ಡಿಡಿ ಅನ್ನುವ ಹೆಸರಲ್ಲಿ ಮುಂದಿಟ್ಟಿತ್ತು. ಮಾನದಂಡದ ಒಂದೊಂದು ಆವೃತ್ತಿಗೂ ರಿಲೀಸ್ ಅನ್ನುತ್ತಾರೆ. ರಿಲೀಸ್ 18ರಲ್ಲಿ ಅಧ್ಯಯನ ನಡೆಯಿತು, ರಿಲೀಸ್ 19ರಲ್ಲಿ ಮಾನದಂಡಕ್ಕೆ ಸೇರಿತು. 100 ಮೆಗಾಹರ್ಟ್ಸ್ ಚಾನೆಲ್‌ನ ಡೌನ್‌ಲಿಂಕ್ ಸ್ಲಾಟ್‌ನಲ್ಲಿ ನಡುವೆ 20 ಮೆಗಾಹರ್ಟ್ಸ್ ಬಿಟ್ಟುಕೊಡುತ್ತಾರೆ ಅನ್ನಿ. ಆಚೀಚೆಯ ತಲಾ 40ರಲ್ಲಿ ಟವರ್ ಕಳಿಸುತ್ತಿರುತ್ತದೆ, ನಡುವಿನ 20ರಲ್ಲಿ ಅದೇ ಹೊತ್ತಿಗೆ ಬೇರೆ ಫೋನ್‌ಗಳ ಮಾತು ಕೇಳುತ್ತಿರುತ್ತದೆ. ಫೋನ್ ಮಾತ್ರ ಹಳೆಯ ಹಾಗೇ, ಒಂದು ಹೊತ್ತಿಗೆ ಒಂದೇ ಕೆಲಸ. ಕಷ್ಟವೆಲ್ಲ ಟವರ್‌ಗೆ.

ಇದರಿಂದ ಅಂಕಿಗಳು ಎಷ್ಟು ಹಗುರಾಗುತ್ತವೆ ನೋಡಿ. ಟವರ್‌ನ ಸಿಗ್ನಲ್ ಪಕ್ಕದ ಚಾನೆಲ್‌ಗೆ ಸೋರುವುದು ಅದರ ಮೂಲ ಶಕ್ತಿಗಿಂತ 45 ಡೆಸಿಬೆಲ್ ಕೆಳಗೆ ಇರಬೇಕು ಅನ್ನುವ ನಿಯಮ ಮೊದಲಿನಿಂದಲೂ ಇದೆ. ನಡುವಿನ 20ಕ್ಕೂ ಹೆಚ್ಚುಕಡಿಮೆ ಅಷ್ಟೇ ಸೋರಿದರೆ 146 ಇದ್ದದ್ದು ಸುಮಾರು 100ಕ್ಕೆ ಇಳಿಯಿತು. ಕಳಿಸುವ ಫಲಕವನ್ನೂ ಕೇಳುವ ಫಲಕವನ್ನೂ ಬೇರೆ ಮಾಡಿ, ನಡುವೆ ತಡೆ ಕಟ್ಟಿ, ಬಹುಪಾಲು ಕಳೆಯಬಹುದು. ಉಳಿದದ್ದು ಡಿಜಿಟಲ್ ಕೆಲಸ. 4,096 ಬೋರ್ಡ್ ಬೇಕಿಲ್ಲ. ಇದೂ ಪುಕ್ಕಟೆಯೇನಲ್ಲ. ಇರುವ ಫಲಕವನ್ನೇ ಎರಡು ಮಾಡಿದರೆ ಎರಡೂ ಕಡೆ ಆಂಟೆನಾ ಕಮ್ಮಿ. ದೊಡ್ಡ ಫಲಕ ಹಾಕಿದರೆ ತೂಕ, ಗಾಳಿಯ ಹೊಡೆತ, ಬಾಡಿಗೆ ಎಲ್ಲವೂ ಜಾಸ್ತಿ. ಡೌನ್‌ಲಿಂಕ್‌ನಿಂದಲೂ ಐದನೇ ಒಂದು ಭಾಗ ಹೋಯಿತು. ಆದರೂ ಇದು ಮಾಡಬಹುದಾದ ಕೆಲಸ.

ಗೊತ್ತಿಲ್ಲದ್ದನ್ನು ಕಳೆಯುವುದು ಹೇಗೆ?

ಇಲ್ಲಿವರೆಗಿನ ಎಲ್ಲ ಜಾಣತನವೂ ನಿಂತಿರುವುದು ಸೋಂಧಿಯವರ ಕಾಲದ ಅದೇ ಮಾತಿನ ಮೇಲೆ: ನಾನು ಕಳಿಸಿದ್ದು ನನಗೆ ಗೊತ್ತು. ಪಕ್ಕದ ಟವರ್ ಕಳಿಸಿದ್ದು ನನಗೆ ಗೊತ್ತಿಲ್ಲ.

ಪೂರ್ತಿ ಫುಲ್ ಡ್ಯೂಪ್ಲೆಕ್ಸ್ ಇರುವ ಎರಡು ಟವರ್‌ಗಳು ಅರ್ಧ ಕಿಲೋಮೀಟರ್ ದೂರದಲ್ಲಿವೆ, ನಡುವೆ ಅಡ್ಡ ಏನೂ ಇಲ್ಲ ಅಂದುಕೊಳ್ಳಿ. 3.5 ಗಿಗಾಹರ್ಟ್ಸ್‌ನಲ್ಲಿ ಆ ದೂರಕ್ಕೆ ಸಿಗ್ನಲ್ ಕುಗ್ಗುವುದು ಸುಮಾರು 97 ಡೆಸಿಬೆಲ್. ಆಂಟೆನಾಗಳ ಬಲ ಸೇರಿಸದೆ ಲೆಕ್ಕ ಹಾಕಿದರೂ, ಪಕ್ಕದ ಟವರ್‌ನ 100 ವಾಟ್ ಇಲ್ಲಿಗೆ ಬಂದು ಮುಟ್ಟುವಾಗ ದೂರದ ಒಂದು ಫೋನಿನ ಸಿಗ್ನಲ್‌ಗಿಂತ ಲಕ್ಷ ಪಟ್ಟು ಮೇಲಿರುತ್ತದೆ. ಫೋನ್ ಮನೆಯೊಳಗೆ, ಗೋಡೆಯ ಹಿಂದೆ ಇರುತ್ತದೆ. ಟವರ್‌ಗಳು ಎತ್ತರದಲ್ಲಿ, ಒಂದಕ್ಕೊಂದು ನೇರ ಕಾಣುವ ಹಾಗೆ ಇರುತ್ತವೆ. ಇಂದಿನ ಟಿಡಿಡಿ ಜಾಲಗಳಲ್ಲಿ ಈ ತೊಂದರೆ ಬರದಿರುವುದು ಎಲ್ಲ ಟವರ್‌ಗಳೂ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದು, ಒಟ್ಟಿಗೇ ಕಳಿಸಿ ಒಟ್ಟಿಗೇ ಸುಮ್ಮನಾಗುವುದರಿಂದ. ಆ ಶಿಸ್ತನ್ನು ಮುರಿಯುವುದೇ ಫುಲ್ ಡ್ಯೂಪ್ಲೆಕ್ಸ್‌ನ ಕೆಲಸ.

ಶಿಸ್ತು ಇದ್ದಾಗಲೂ ಎಡವಟ್ಟು ಆದದ್ದಿದೆ. ಚೀನಾದ ಟಿಡಿಡಿ 4ಜಿ ಜಾಲಗಳಲ್ಲಿ ಕೆಲವು ಹವಾಮಾನದಲ್ಲಿ ನೂರಾರು ಕಿಲೋಮೀಟರ್ ದೂರದ ಟವರ್‌ಗಳ ಸಿಗ್ನಲ್ ವಾತಾವರಣದ ಪದರಗಳ ನಡುವೆ ಸಿಕ್ಕಿ, ಕುಗ್ಗದೆ ಬಂದು ಅಪ್‌ಲಿಂಕ್ ಹಾಳುಮಾಡುತ್ತಿತ್ತು. ರೇಡಿಯೊ ತರಂಗಕ್ಕೆ 300 ಕಿಲೋಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಇಲ್ಲಿಯ ಟವರ್ ಕಳಿಸುವುದು ನಿಲ್ಲಿಸಿ ಕೇಳಲು ಕೂತಿರುತ್ತದೆ. ಇದನ್ನು ಪತ್ತೆಹಚ್ಚುವ ವ್ಯವಸ್ಥೆಯನ್ನು 5ಜಿಯ ರಿಲೀಸ್ 16ರಲ್ಲಿ ಸೇರಿಸಬೇಕಾಯಿತು.

ಸಬ್‌ಬ್ಯಾಂಡ್ ಉಪಾಯದಲ್ಲಿ ಒಂದೇ ಕಂಪನಿಯ ಟವರ್‌ಗಳು ಒಂದೇ ನಡು ಪಟ್ಟಿಯನ್ನು ಖಾಲಿ ಬಿಟ್ಟರೆ ಬಹುಮಟ್ಟಿಗೆ ಪಾರು. ಕಂಪನಿ ಬೇರೆ ಆದಾಗ ಪಾರಿಲ್ಲ. ನಮ್ಮಲ್ಲಿ ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ನೇತಾಡುವುದು ಮಾಮೂಲು, ಮತ್ತು ಅವರೆಲ್ಲರ 5ಜಿ ಸ್ಪೆಕ್ಟ್ರಮ್ ಇರುವುದು 3300 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಸಾಲಾಗಿ, ಅಕ್ಕಪಕ್ಕ. ಒಂದು ಕಂಪನಿ ತನ್ನ ನಡು ಪಟ್ಟಿಯಲ್ಲಿ ಕೇಳಿಸಿಕೊಳ್ಳಲು ಹೊರಟಿದೆ ಅನ್ನಿ. ಆ ಹೊತ್ತಿಗೆ ಪಕ್ಕದ ಕಂಪನಿ ಅದೇ ಕಂಬದಿಂದ ಪೂರ್ತಿ ಶಕ್ತಿಯಲ್ಲಿ ಕಳಿಸುತ್ತಿರುತ್ತದೆ. ಸೋರಿಕೆಯ ನಿಯಮದಿಂದ 45 ಡೆಸಿಬೆಲ್, ಎರಡು ಆಂಟೆನಾಗಳ ನಡುವಿನ ತಡೆಯಿಂದ 30 ಡೆಸಿಬೆಲ್ ಕಳೆದರೂ, ಉಳಿದದ್ದು ಗದ್ದಲದ ಮಟ್ಟಕ್ಕಿಂತ 70 ಡೆಸಿಬೆಲ್ ಮೇಲೆ. ಒಳ್ಳೆಯ ಫಿಲ್ಟರ್ ಇದ್ದರೆ ಇನ್ನೊಂದಿಷ್ಟು ಇಳಿಯುತ್ತದೆ. ಆದರೆ ಆ ಸಿಗ್ನಲ್ ಏನೆಂದು ಮೊದಲ ಕಂಪನಿಗೆ ಗೊತ್ತಿಲ್ಲ. ಕಳೆಯುವ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು.

ಕೆಳಗೆ ಜನರ ನಡುವೆಯೂ ಇದೇ ರಗಳೆ, ಸಣ್ಣ ಪ್ರಮಾಣದಲ್ಲಿ. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರು ಲೈವ್ ವಿಡಿಯೊ ಕಳಿಸುತ್ತಿದ್ದಾರೆ, ಇನ್ನೊಬ್ಬರು ಮ್ಯಾಚ್ ನೋಡುತ್ತಿದ್ದಾರೆ. ಇಲ್ಲಿವರೆಗೆ ಇಬ್ಬರ ಫೋನ್‌ಗೂ ಬೇರೆ ಬೇರೆ ಸ್ಲಾಟ್. ಇನ್ನು ಮುಂದೆ ಒಂದೇ ಸ್ಲಾಟ್. ಒಂದು ಮೀಟರ್ ದೂರದ ಫೋನ್ ಕಳಿಸುವ ಸಿಗ್ನಲ್‌ನ ಸೋರಿಕೆಯೇ ಟವರ್‌ನಿಂದ ಬರುವ ಮ್ಯಾಚ್‌ಗಿಂತ ಜೋರಾಗಿರಬಹುದು. ಯಾರ ಪಕ್ಕ ಯಾರಿದ್ದಾರೆ ಅಂತ ಟವರ್ ಅಳೆದು, ಅಂಥವರನ್ನು ಒಂದೇ ಸ್ಲಾಟ್‌ಗೆ ಹಾಕದೆ ಇರಬೇಕು. ಅಳೆಯುವುದಕ್ಕೂ ಸಮಯ, ಶಕ್ತಿ ಎರಡೂ ಖರ್ಚು.

ಮಾನದಂಡದಲ್ಲಿ ಸೇರಿದ ಮಾತ್ರಕ್ಕೆ ಜಾಲಕ್ಕೆ ಬರುತ್ತದೆ ಅಂತಲೂ ಇಲ್ಲ. 4ಜಿಯ ರಿಲೀಸ್ 12ರಲ್ಲಿ ಒಂದೊಂದು ಟವರ್ ತನ್ನ ಸಂಚಾರ ನೋಡಿಕೊಂಡು ಸ್ಲಾಟ್‌ಗಳ ದಿಕ್ಕನ್ನು ಆಗಾಗ ಬದಲಿಸಬಹುದು ಅನ್ನುವ ಸೌಲಭ್ಯ ಬಂತು. ಕಾಗದದ ಮೇಲೆ ಚೆನ್ನಾಗಿತ್ತು. ಅಕ್ಕಪಕ್ಕದ ಟವರ್‌ಗಳ ಭಯಕ್ಕೆ ಅದನ್ನು ಬಳಸುವ ಗೋಜಿಗೆ ಕಂಪನಿಗಳು ಹೆಚ್ಚಾಗಿ ಹೋಗಲೇ ಇಲ್ಲ. ಸಬ್‌ಬ್ಯಾಂಡ್ ಫುಲ್ ಡ್ಯೂಪ್ಲೆಕ್ಸ್‌ಗೂ ಅದೇ ಗತಿಯಾಗಬಹುದು ಅನ್ನುವ ಅನುಮಾನ ನನಗಿದೆ, ಕನಿಷ್ಠ ದೊಡ್ಡ ಟವರ್‌ಗಳ ಮಟ್ಟಿಗೆ.

ಸಣ್ಣ ಸೆಲ್‌ಗಳ, ಅಂದರೆ ಸಣ್ಣ ಜಾಗಕ್ಕಷ್ಟೇ ಸಿಗ್ನಲ್ ಕೊಡುವ ಪುಟ್ಟ ಟವರ್‌ಗಳ ವಿಷಯ ಬೇರೆ. ಕಾರ್ಖಾನೆಯ ಒಳಗಿನ 250 ಮಿಲಿವಾಟ್‌ನ ಬೇಸ್ ಸ್ಟೇಷನ್‌ಗೆ 146ರ ಬದಲು 120 ಡೆಸಿಬೆಲ್ ಕಳೆದರೆ ಸಾಕು. ಗೋಡೆಗಳು ಹೊರಗಿನದ್ದನ್ನು ತಡೆಯುತ್ತವೆ. ಒಳಗೆ ಇರುವುದು ಒಂದೇ ಕಂಪನಿಯ ಜಾಲ, ಮತ್ತು ಕ್ಯಾಮೆರಾಗಳು ವಿಡಿಯೊ ಕಳಿಸುತ್ತಲೇ ಇರುವುದರಿಂದ ಅಲ್ಲಿ ಬೇಕಿರುವುದೂ ಅಪ್‌ಲಿಂಕೇ. ಫೈಬರ್ ಇಲ್ಲದ ಕಡೆ ಒಂದು ಟವರ್‌ನಿಂದ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ರಿಲೇ ನೋಡ್‌ಗಳೂ ಒಳ್ಳೆಯ ಜಾಗ. ಅವು ಅಲುಗಾಡುವುದಿಲ್ಲ, ಕಳಿಸುವ ದಿಕ್ಕು ಬೇರೆ, ಕೇಳುವ ದಿಕ್ಕು ಬೇರೆ. ಎರಡೂ ಬದಿಯ ಕೆಲಸವನ್ನು ಒಟ್ಟಿಗೇ ಮಾಡಲು ಅವುಗಳಿಗೆ ರಿಲೀಸ್ 17ರಲ್ಲೇ ಅವಕಾಶ ಕೊಟ್ಟಾಗಿದೆ.

ದೊಡ್ಡ ಟವರ್‌ಗೆ ಬರಬೇಕಾದರೆ ಒಂದೇ ಊರಿನ ಎಲ್ಲ ಕಂಪನಿಗಳೂ ಯಾವ ಸ್ಲಾಟ್‌ನಲ್ಲಿ ಯಾವ ಪಟ್ಟಿ ಅಪ್‌ಲಿಂಕ್‌ಗೆ ಅಂತ ಒಪ್ಪಂದಕ್ಕೆ ಬರಬೇಕು. ಇಲ್ಲವೇ ಪಕ್ಕದವರಿಗೆ ಸೋರುವುದನ್ನು ಈಗಿನ 45ಕ್ಕಿಂತ ಇನ್ನೂ ಕಡಿಮೆ ಮಾಡುವ ಫಿಲ್ಟರ್ ಹಾಕಬೇಕು. ಫಿಲ್ಟರ್ ಹಾಕಬೇಕಾದವರು ಒಬ್ಬರು, ಅದರಿಂದ ಅಪ್‌ಲಿಂಕ್ ಸುಧಾರಿಸುವುದು ಇನ್ನೊಬ್ಬರದ್ದು. 6ಜಿಗೆ ಯಾವ ಡ್ಯೂಪ್ಲೆಕ್ಸ್ ಇರಬೇಕು ಅನ್ನುವ ಅಧ್ಯಯನ 3ಜಿಪಿಪಿಯಲ್ಲಿ ರಿಲೀಸ್ 20ರ ಭಾಗವಾಗಿ ನಡೆಯುತ್ತಿದೆ. ಆ ಫಿಲ್ಟರ್ ಎಷ್ಟು ಕಳೆಯಬೇಕು ಅನ್ನುವುದನ್ನು ಅವರು ಬರೆದುಕೊಡಬಹುದು. ಖರ್ಚು ಯಾರದ್ದು ಅನ್ನುವುದು ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆಯ ಮೇಜಿಗೇ ಬರಬೇಕು.